ಕಡ್ಡಿಕಡಬಿನ ಬುತ್ತಿ

ಕಡ್ಡಿಕಡಬು ಮಾಡುವುದಕ್ಕೆ ಮೊದಲು ಕಡ್ಡಿ ಬೇಕು. ಬೇಳೆ, ಹಿಟ್ಟು, ಎಣ್ಣೆ ಎಲ್ಲ ಆಮೇಲೆ. ಇದು ನನ್ನ ಮಾತಲ್ಲ, ನಮ್ಮ ಅಕ್ಕನದು. ತೊಗರಿ ಬಡಿದ ಮೇಲೆ ಉಳಿಯುವ ಕಟ್ಟಿಗೆಯನ್ನು ನಮ್ಮ ಮಾನ್ವಿಯ ಮನೆಯ ಹಿತ್ತಲಲ್ಲಿ ಒಟ್ಟುತ್ತಿದ್ದರು, ವರ್ಷವಿಡೀ ಒಲೆಗೆ ಅದೇ. ಅಕ್ಕ ಆ ಒಟ್ಟಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಟ್ಟಗಿದ್ದ ತೆಳ್ಳನೆಯ ಕಡ್ಡಿಗಳನ್ನೇ ಆರಿಸಿ, ಗೇಣುದ್ದಕ್ಕೆ ಮುರಿದು, ಒಡೆದ ಬಳೆಯ ಚೂರಿನಿಂದ ತೊಗಟೆ ಹೆರೆಯುತ್ತಿದ್ದಳು. ಆಮೇಲೆ ಬೀಸುಕಲ್ಲಿನ ಮೇಲೆ ಉಜ್ಜಿ ಸಿಬಿರು ಏಳದ ಹಾಗೆ ನುಣುಪು ಮಾಡುವುದು, ಆಮೇಲೆ ಬಿಸಿಲಿಗೆ ಹರವುವುದು. ಹಸಿ ಕಡ್ಡಿ ಎಣ್ಣೆಗೆ ಬಿದ್ದರೆ ಚಟಚಟ ಸಿಡಿದು ಮುಖಕ್ಕೇ ಬರುತ್ತದೆ. ಎಲ್ಲ ಹೆರೆದರೂ ಕೈಯಲ್ಲಿ ಹಿಡಿಯುವ ತುದಿಯಲ್ಲಿ ಉಂಗುರದಷ್ಟು ತೊಗಟೆಯನ್ನು ಅವಳು ಹಾಗೇ ಬಿಡುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಯಾ ಕಡಿ ಹಿಡೀಬೇಕು, ಯಾ ಕಡಿ ಕಚ್ಚಬೇಕು ಅಂತ ನಿನ್ನಂಥಾ ದಡ್ಡಿಗೆ ತಿಳೀಬೇಕಲ್ಲ" ಎನ್ನುತ್ತಿದ್ದಳು.

ಈಗ ಇಂಥದ್ದನ್ನೇ ಪೇಟೆಯಲ್ಲಿ ಯಾವುದೋ ಹೆಸರಿಟ್ಟು ಮಾರುತ್ತಾರಂತೆ. ಒಳಗೆ ಏನೇನೋ ಇಟ್ಟು, ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ, ಕರಿದು, ಕಡ್ಡಿ ಸಮೇತ ಕೈಗೆ ಕೊಡುತ್ತಾರಂತೆ. ನನ್ನ ಮೊಮ್ಮಕ್ಕಳು ದೊಡ್ಡ ಸುದ್ದಿಯ ಹಾಗೆ ಬಂದು ಹೇಳಿದರು. ಹೌದೇನು ಎಂದೆ. ನಾನು ಕಾಣದ್ದೇನಲ್ಲ ಎಂದು ಬಾಯಿತನಕ ಬಂದಿತ್ತು, ನುಂಗಿಕೊಂಡೆ. ಹೇಳಹೊರಟರೆ ಅಕ್ಕನ ಸುದ್ದಿ ಬರುತ್ತದೆ, ಅಕ್ಕನ ಸುದ್ದಿ ಬಂದರೆ ಆ ದಿನ ನನಗೆ ಊಟ ಇಳಿಯುವುದಿಲ್ಲ.

ನಮ್ಮದು ಎಣ್ಣೆಯ ಗಾಣದ ಮನೆ. ಮನೆಗೆ ಹೊಂದಿಯೇ ಗಾಣ, ಗಾಣದ ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೆಳಗಿನಿಂದ ಸುತ್ತುತ್ತಿತ್ತು. ಮನೆಯಲ್ಲಿ ಯಾವ ಮೂಲೆಗೆ ಹೋದರೂ ಕುಸುಬಿ ಹಿಂಡಿಯ ವಾಸನೆ. ಊರಲ್ಲಿ ಮಿಕ್ಕವರು ಹಬ್ಬಕ್ಕೊಮ್ಮೆ ಕಡಾಯಿ ಇಟ್ಟರೆ ನಮ್ಮ ಅವ್ವ ಮನಸ್ಸು ಬಂದಾಗ ಇಡುತ್ತಿದ್ದಳು. ಎಣ್ಣೆಗೇನೋ ಬರವಿರಲಿಲ್ಲ, ಆದರೆ ಅದು ದೊಡ್ಡ ಯುದ್ಧದ ಕಾಲ. ಎಲ್ಲೋ ಯಾರೋ ಹೊಡೆದಾಡಿದರೆ ನಮ್ಮ ಸಂತೆಯಲ್ಲಿ ಕಡಲೆಬೇಳೆ ಯಾಕೆ ಮಾಯವಾಗಬೇಕು ಎಂದು ಅಪ್ಪ ಬೈಯುತ್ತಿದ್ದ. ಬೇಳೆ ಸಿಕ್ಕಾಗ ಸ್ವಲ್ಪವೇ ಸಿಗುತ್ತಿತ್ತು. ಅದಕ್ಕೇ ಅವ್ವ ಹೊರಗಿನ ಹಿಟ್ಟಿಗೆ ಕಡಲೆಹಿಟ್ಟಿನ ಬದಲು ನಮ್ಮ ಬಾವಿಯ ಬದುವಿನಲ್ಲಿ ಬೆಳೆದ ಮೆಕ್ಕೆಜೋಳವನ್ನು ಬೀಸಿ ಹಾಕತೊಡಗಿದಳು. ಅದೇ ರುಚಿಯಾಗಿ ಬಿಟ್ಟಿತು.

ಮಾಡುವುದು ಹೀಗೆ. ನೆನೆಸಿದ ಕಡಲೆಬೇಳೆಯನ್ನು ಒರಳಲ್ಲಿ ತರಿಯಾಗಿ ರುಬ್ಬಬೇಕು, ನೀರು ಸೋಕಿಸಬಾರದು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹೆಚ್ಚಿದ ಸಬ್ಬಸಿಗೆ ಸೊಪ್ಪು, ಉಪ್ಪು. ಅದನ್ನು ಕಡ್ಡಿಯ ಸುತ್ತ ಮೆತ್ತಿ, ಹೆಬ್ಬೆರಳ ದಪ್ಪಕ್ಕೆ ನೀವಿ, ಗಡಿಗೆಯಲ್ಲಿ ಜೋಳದ ಒಣ ಗರಿ, ರವದಿ ಹಾಸಿ ಅದರ ಮೇಲಿಟ್ಟು ಹಬೆಯಲ್ಲಿ ಬೇಯಿಸಬೇಕು. ಬೆಂದು ಗಟ್ಟಿಯಾದ ಮೇಲೆ ಮೆಕ್ಕೆಜೋಳದ ಹಿಟ್ಟಿಗೆ ಅಜವಾನ, ಖಾರಪುಡಿ, ಒಂದು ಸೌಟು ಕಾದ ಎಣ್ಣೆ ಹಾಕಿ ಕಲಸಿ, ಅದರಲ್ಲಿ ಅದ್ದಿ, ಕಡ್ಡಿಯ ತುದಿ ಹಿಡಿದೇ ಎಣ್ಣೆಯಲ್ಲಿ ತಿರುವಬೇಕು. ಬಿಟ್ಟುಬಿಟ್ಟರೆ ಒಂದೇ ಮಗ್ಗುಲು ಕೆಂಪಾಗುತ್ತದೆ. ಒಲೆಯ ಮುಂದೆ ಅವ್ವ, ಪಕ್ಕದಲ್ಲಿ ಅಕ್ಕ, ಅಕ್ಕನ ಬೆನ್ನಿಗೆ ಅಂಟಿಕೊಂಡು ನಾನು. ಅಕ್ಕನಿಗೂ ನನಗೂ ಒಂದು ಒಪ್ಪಂದವಿತ್ತು. ಅವಳಿಗೆ ಹೊರಗಿನ ಗರಿಗರಿ ಬೇಕು, ನನಗೆ ಒಳಗಿನ ಮೆತ್ತನೆಯದು. ಅವಳು ಸುತ್ತಲಿನದನ್ನೆಲ್ಲ ಕುಟುಕುಟು ತಿಂದು, ಒಳಗಿನದನ್ನು ಕಡ್ಡಿ ಸಮೇತ ನನ್ನ ಕೈಗೆ ಕೊಡುತ್ತಿದ್ದಳು. ಎಂಜಲು ಎಂದು ಅವ್ವ ಬೈದರೆ ಇಬ್ಬರೂ ಗಾಣದ ಕೋಣೆಗೆ ಓಡುತ್ತಿದ್ದೆವು.

ಅಕ್ಕನಿಗೆ ಮದುವೆ ತಡವಾಗಿ ಆಯಿತು. ಆ ಕಾಲಕ್ಕೆ ತಡ ಎಂದು ಲೆಕ್ಕ, ಅಷ್ಟೆ. ಅವಳಿಗೆ ಹದಿನೆಂಟು ತುಂಬಿತ್ತು. ಗಾಣದ ಹಿಂಡಿ ಎತ್ತುವುದರಿಂದ ಹಿಡಿದು ಗಿರಾಕಿಗಳಿಗೆ ಎಣ್ಣೆ ಅಳೆಯುವವರೆಗೆ ಮನೆಯೆಲ್ಲ ಅವಳ ಕೈಮೇಲಿತ್ತು, ಅವಳನ್ನು ಕಳಿಸಲಿಕ್ಕೆ ಅಪ್ಪನಿಗೆ ಮನಸ್ಸಿರಲಿಲ್ಲ. ಬೀದಿಯ ಹೆಂಗಸರು ಅವ್ವನನ್ನು ಚುಚ್ಚಿ ಚುಚ್ಚಿ ಹಣ್ಣು ಮಾಡಿದರು. ಕೊನೆಗೆ ದೇವದುರ್ಗದ ಹತ್ತಿ ವ್ಯಾಪಾರದ ಮನೆಗೆ ಕೊಟ್ಟರು. ಒಳ್ಳೆಯ ಮನೆ, ಉಣ್ಣಲು ಉಡಲು ಕೊರತೆಯಿರಲಿಲ್ಲ. ಆದರೆ ಎರಡು ವರ್ಷವಾದರೂ ಮಡಿಲು ತುಂಬಲಿಲ್ಲ. ಮದುವೆ ಯಾವಾಗ ಎಂದು ಕೇಳುತ್ತಿದ್ದವರೇ ಈಗ ಮೊಮ್ಮಗ ಯಾವಾಗ ಎಂದು ಕೇಳತೊಡಗಿದರು. ಅವ್ವ ಸೋಮವಾರ ಸೋಮವಾರ ಉಪವಾಸ ಹಿಡಿದಳು. ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಹೀಗಿರುವಾಗ ಬಳೆಗಾರ ಮುದುಕಿ ಬಂದಳು. ನಾವೆಲ್ಲ ಅವಳನ್ನು ಖಾಲಾ ಎಂದು ಕರೆಯುತ್ತಿದ್ದೆವು. ಮಾನ್ವಿ, ಸಿರವಾರ, ದೇವದುರ್ಗ ಎಂದು ಊರೂರು ತಿರುಗಿ ಬಳೆ ಇಡುವವಳು. ಸೊಸೆಯಂದಿರು ತವರಿಗೆ ಹೇಳಿಕಳಿಸಬೇಕಾದ ಸಣ್ಣಪುಟ್ಟ ಸುದ್ದಿ ಅವಳ ಬಾಯಲ್ಲೇ ಊರಿಂದೂರಿಗೆ ಹೋಗುತ್ತಿತ್ತು. ಅವಳು ಬಳೆಯ ಮಲಾರ ಇಳಿಸಿ, ಸೊಂಟದ ಸಂಚಿಯಿಂದ ಒಂದು ಸಣ್ಣ ಕಟ್ಟು ತೆಗೆದು ಅವ್ವನ ಕೈಗೆ ಕೊಟ್ಟಳು. ಹೆರೆದ ತೊಗರಿ ಕಡ್ಡಿಗಳು, ಸೀರೆಯ ಅಂಚಿನ ದಾರದಿಂದ ಕಟ್ಟಿದ್ದವು. ಒಂದೊಂದರ ತುದಿಗೂ ತೊಗಟೆಯ ಉಂಗುರ.

"ನಿಮ್ಮ ಹಿರೇ ಮಗಳು ಕೊಟ್ಟಾಳವ್ವಾ. ಬಳಿ ಇಡಿಸ್ಕೋವಾಗ ಅತ್ತಿ ಅತ್ತಾಗ ಹೋದ ಕೂಡ್ಲೆ ನನ್ನ ಉಡಿಯಾಗ ಹಾಕಿದ್ಳು. ಅವ್ವಗ ಕೊಡು, ಆಕಿಗೆ ತಿಳೀತದ ಅಂದ್ಳು."

"ಹ್ಯಾಂಗ ಅದಾಳ?" ಎಂದಳು ಅವ್ವ.

"ಮುಖ ಬೆಳ್ಳಗಾಗ್ಯದ. ಅನ್ನ ಸೇರವಲ್ದಂತ, ಉಂಡಿದ್ದು ಹೊರಗ ಬರಾಕತ್ತದಂತ. ಕೈ ಸಣ್ಣಾಗ್ಯದ, ಬಳಿ ಒಂದು ಅಳತಿ ಕಡಿಮಿದು ಇಟ್ಟು ಬಂದೀನಿ."

ಅವ್ವ ಕಡ್ಡಿಗಳನ್ನು ಕಣ್ಣಿಗೆ ಒತ್ತಿಕೊಂಡಳು. ಮುಖ ಬೆಳ್ಳಗಾಗಿದೆ, ಅನ್ನ ಸೇರುವುದಿಲ್ಲ, ವಾಂತಿ, ಮೇಲೆ ತವರಿನ ತಿಂಡಿಯ ಆಸೆ. ಅವ್ವನೇ ಏಕೆ, ನಮ್ಮ ಬೀದಿಯ ಯಾವ ಹೆಂಗಸಿಗೆ ಹೇಳಿದ್ದರೂ ಅದನ್ನೇ ಹೇಳುತ್ತಿದ್ದಳು. ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಇಂಥದ್ದು ಬೇಕು ಎನ್ನಲು ನಾಚಿ ಹುಡುಗಿ ಕಡ್ಡಿ ಕಳಿಸಿದ್ದಾಳೆ, ಬಸುರಿಯ ಬಯಕೆ ಇದು. ಅವ್ವ ಖಾಲಾಳ ಸೆರಗಿಗೆ ಅವಳು ಸಾಕು ಸಾಕು ಎನ್ನುವಷ್ಟು ಶೇಂಗಾ ಸುರಿದಳು. ಕಡ್ಡಿಗಳನ್ನು ದೇವರ ಜಗಲಿಯ ಮೇಲೆ ಇಟ್ಟಳು. ಅವತ್ತು ಅವಳು ಗಾಣದ ಎತ್ತಿಗೂ ಒಂದು ತುಂಡು ಬೆಲ್ಲ ತಿನ್ನಿಸಿದ್ದು ನನಗೆ ನೆನಪಿದೆ.

ಅಪ್ಪನಿಗೆ ಮಾತ್ರ ಸಮಾಧಾನವಿರಲಿಲ್ಲ. "ಹುಡುಗಿ ಸಣ್ಣಾಗ್ಯಾಳ ಅಂತಾಳ ಆಕಿ. ಒಮ್ಮೆ ಹೋಗಿ ನೋಡ್ಕೊಂಡು ಬರಬಾರದೇನು?"

"ಗಂಡಸರಿಗೆ ಏನು ತಿಳೀತದ್ರಿ. ಬಸುರಿ ಮೊದಲ ಸಣ್ಣಾಗ್ತಾಳ, ಆಮ್ಯಾಲೆ ದಪ್ಪಾಗ್ತಾಳ. ಬರಿಗೈಲೆ ಹೋಗಾಕ ಬರ್ತದೇನು?"

ಇಲ್ಲಿ ನಮ್ಮ ಕಡೆಯ ರೂಢಿ ಹೇಳಬೇಕು. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಊರಿಗೆಲ್ಲ ಹೇಳಿ ಕುಬಸ ಮಾಡುತ್ತೇವೆ, ಹಾಡು ಹಸೆ ಎಲ್ಲ ಅದಕ್ಕೆ. ಅದಕ್ಕೂ ಮೊದಲು, ಐದನೇ ತಿಂಗಳಲ್ಲಿ, ತವರಿನ ಹೆಂಗಸರು ಸದ್ದಿಲ್ಲದೆ ಹೋಗಿ ಹಸಿರು ಖಣ ಉಡಿಗಿಟ್ಟು, ಹಸಿರು ಬಳೆ ಇಡಿಸಿ, ಅವಳು ಬಯಸಿದ್ದನ್ನು ತಿನ್ನಿಸಿ ಬರುತ್ತಾರೆ. ಯಾರ ಕಣ್ಣೂ ತಾಗಬಾರದೆಂದು ಮುಚ್ಚಿ ಮಾಡುವುದರಿಂದ ಅದು ಕಳ್ಳ ಕುಬಸ. ನಮ್ಮ ಬಳಗದ ಮನೆಗಳಲ್ಲಿ ಇನ್ನೂ ಒಂದು ಕಟ್ಟುಪಾಡಿತ್ತು. ಮಗಳು ಬಸುರಿ ಎಂದು ತಿಳಿದ ಮೇಲೆ ತಾಯಿ ಕಳ್ಳ ಕುಬಸ ತೆಗೆದುಕೊಂಡೇ ಅವಳ ಹೊಸಲು ತುಳಿಯಬೇಕು, ಅದಕ್ಕೆ ಮೊದಲು ಬರಿಗೈಯಲ್ಲಿ ಹೋಗಿ ಮುಖ ನೋಡಿದರೆ ಬಸುರು ನಿಲ್ಲುವುದಿಲ್ಲ. ಬುತ್ತಿ ತಾಯಿಯ ಒಲೆಯ ಮೇಲೇ ಆಗಬೇಕು, ಬೀಗರ ಒಲೆ ಮುಟ್ಟಬಾರದು. ಯಾರು ಮಾಡಿದ ಕಟ್ಟೋ ನನಗೆ ಗೊತ್ತಿಲ್ಲ. ಎರಡು ವರ್ಷ ಕಾದು ಕಾದು ಸುಣ್ಣವಾಗಿದ್ದ ಅವ್ವ ಅದನ್ನು ಮೀರುವವಳಾಗಿರಲಿಲ್ಲ. ವಾಂತಿ ಇದೆ ಎಂದ ಮೇಲೆ ಎರಡನೇ ತಿಂಗಳು ಎಂದು ತಾನೇ ಲೆಕ್ಕ ಹಾಕಿದಳು, ಐದು ಬರಲಿ ಎಂದು ಕಾದಳು.

ಖಾಲಾ ಮತ್ತೊಮ್ಮೆ ಬಂದಳು. ಹತ್ತಿ ಬಿಡಿಸುವ ಸಮಯ ಆಗ. ಮತ್ತೆ ಒಂದು ಕಟ್ಟು ಕಡ್ಡಿ. ಈ ಸಲ ಅಕ್ಕ ಎದುರಿಗೆ ಬಂದಿರಲಿಲ್ಲವಂತೆ, ಆ ಮನೆಯ ಕೆಲಸದ ಹೆಂಗಸು ಬಾಗಿಲಿಗೆ ತಂದು ಕೊಟ್ಟಳಂತೆ. "ಮಲಗ್ಯಾಳ ಅಂದ್ರವ್ವಾ" ಎಂದಳು ಖಾಲಾ. ಹಗಲು ಹೊತ್ತು ಮಲಗುವುದೂ ಬಸುರಿಯ ಲಕ್ಷಣವೇ ಎಂದು ಅವ್ವ ನಕ್ಕಳು. ನಾನು ಕಡ್ಡಿಗಳನ್ನು ತಿರುಗಿಸಿ ನೋಡಿದೆ. ಉಂಗುರ ಇತ್ತು, ಆದರೆ ನಡುವೆಯೂ ಅಲ್ಲಲ್ಲಿ ತೊಗಟೆ ಉಳಿದಿತ್ತು, ನುಣುಪಾಗಿರಲಿಲ್ಲ, ಒಂದರ ಸಿಬಿರು ನನ್ನ ಬೆರಳಿಗೆ ಚುಚ್ಚಿತು. ಅವ್ವನಿಗೆ ತೋರಿಸಿದೆ.

"ಅವಸರದಾಗ ಹೆರ್ದಾಳ. ಬಯಕಿ ತಡಕೊಳ್ಳಾಕ ಆಗವಲ್ದು ಹುಚ್ಚಿಗೆ" ಎಂದಳು ಅವ್ವ. ಆ ಮಾತನ್ನು ಅವಳು ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ, ಈಗಲೂ ನೆನೆದರೆ ನನಗೆ ಅವಳ ಮೇಲೆ ಸಿಟ್ಟು ಬರುವುದಿಲ್ಲ, ಅಳು ಬರುತ್ತದೆ.

ಅವಳ ಲೆಕ್ಕದ ಐದನೇ ತಿಂಗಳು ಬಂತು. ಅವ್ವ ಬಚ್ಚಿಟ್ಟಿದ್ದ ಕಡಲೆಬೇಳೆಯನ್ನೆಲ್ಲ ತೆಗೆದಳು. ಅಕ್ಕ ಕಳಿಸಿದ ಕಡ್ಡಿಗಳಿಗೇ ಬೇಳೆ ಮೆತ್ತಿದೆವು. ನಾನು ಮೊದಲ ಸಲ ಒಲೆಯ ಪಕ್ಕ ಅಕ್ಕನ ಜಾಗದಲ್ಲಿ ಕೂತಿದ್ದೆ. ದಾರಿಯಲ್ಲಿ ಮೆತ್ತಗಾಗದಿರಲಿ ಎಂದು ಅವ್ವ ಎರಡು ಸಲ ಕರಿದಳು, ಮೊದಲು ಬಿಳುಪಾಗಿ, ಆರಿದ ಮೇಲೆ ಇನ್ನೊಮ್ಮೆ ಕೆಂಪಾಗಿ. ಬಿದಿರ ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಜೋಡಿಸಿದಳು. ಹಸಿರು ಖಣ, ಬಳೆ, ಅರಿಸಿನ ಕುಂಕುಮ, ಎಲೆ ಅಡಿಕೆ ಬೇರೆ ಗಂಟು. ಕಳ್ಳ ಕುಬಸಕ್ಕೆ ಗಂಡಸರು ಹೋಗುವಂತಿಲ್ಲ, ಗಾಡಿ ಹೊಡೆಯುವವನು ಮಾತ್ರ ಗಂಡಸಿನ ಲೆಕ್ಕಕ್ಕಿಲ್ಲ ಎಂದು ಅಪ್ಪ ನಗೆಯಾಡಿ, ಗಾಣದ ಆಳನ್ನು ಜೊತೆಗೆ ಕಳಿಸಿದ. ಗಾಡಿ ಹೊರಟಾಗ ಅಪ್ಪ ಹಿಂದೆ ಹಿಂದೆ ಊರ ಹೊರಗಿನವರೆಗೂ ನಡೆದು ಬಂದ.

ಸಿರವಾರದಲ್ಲಿ ಬಳಗದವರ ಮನೆಯಲ್ಲಿ ತಂಗಿ, ಮರುದಿನ ದೇವದುರ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ಎರೆಹೊಲ, ಬಿಡಿಸಿ ಉಳಿದ ಹತ್ತಿ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ. ಅವ್ವ ಬುಟ್ಟಿಯನ್ನು ಮಡಿಲಿಂದ ಕೆಳಗೆ ಇಡಲಿಲ್ಲ. ಹುಟ್ಟುವ ಮಗುವಿಗೆ ತೊಟ್ಟಿಲು ಹಳೆಯದೇ ಸಾಕೋ ಹೊಸದು ಮಾಡಿಸಬೇಕೋ ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಹೊಸದು ಎಂದೆ. ಅಷ್ಟು ಸಂತೋಷವಾಗಿ ಅವಳು ಮಾತಾಡಿದ್ದನ್ನು ನಾನು ಆಮೇಲೆ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮನೆ ಮುಟ್ಟಿದೆವು. ಬುತ್ತಿಯ ಬುಟ್ಟಿ ತಲೆಯ ಮೇಲೆ, ಖಣದ ತಟ್ಟೆ ಕೈಯಲ್ಲಿ ಹಿಡಿದು ಅವ್ವ ಹೊಸಲಿನಾಚೆ ನಿಂತಳು. ಅಕ್ಕನ ಅತ್ತೆ ಬಾಗಿಲಿಗೆ ಬಂದರು. ತಟ್ಟೆ ನೋಡಿದರು, ಹಸಿರು ಬಳೆ ನೋಡಿದರು.

"ಬರ್ರಿ ಬೀಗತಿ. ಇದೇನ್ರಿ ಇದು, ಯಾರಿಗ ತಂದೀರಿ?"

"ಯಾರಿಗೆ ಅಂದ್ರ? ನಿಮ್ಮ ಸೊಸಿಗೆ. ಐದರಾಗ ಅದಾಳಲ್ಲ."

ಆ ಹೆಂಗಸು ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತರು. ಕೆಟ್ಟವರಲ್ಲ ಅವರು, ಇವತ್ತಿಗೂ ಹಾಗೆ ಹೇಳುತ್ತೇನೆ. "ಇಲ್ರಿ ಬೀಗತಿ" ಎಂದರು. "ನಾವೂ ಮೊದಲ ಹಂಗ ಅಂದ್ಕೊಂಡಿದ್ವಿ. ಆಮ್ಯಾಲೆ ಚಳಿಜ್ವರ ಹಿಡೀತು. ಬಿಡ್ತದ, ಮತ್ತ ಹಿಡೀತದ. ಹೊಟ್ಟ್ಯಾಗ ಗಡ್ಡಿ ಆಗ್ಯದ ಅಂದ್ರು ಹಕೀಮರು. ಹೇಳಿಕಳಸ್ಬೇಕಂತ ಇದ್ವಿ, ಹತ್ತಿ ಸುಗ್ಗಿ, ಮನಿಯಾಗ ಗಂಡಸರೇ ಇಲ್ಲ. ಇವತ್ತು ನಾಳಿ ಅನ್ಕೋತ ತಡ ಆತು."

ಅವ್ವ ಕೇಳಿಸಿಕೊಂಡಳೋ ಇಲ್ಲವೋ. ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು, ಬುಟ್ಟಿ ಹೊತ್ತುಕೊಂಡೇ ಒಳಗೆ ಹೋದಳು. ಹತ್ತಿ ತುಂಬಿದ ಅಂಡಿಗೆಗಳ ಮಗ್ಗುಲಲ್ಲಿ ಕಂಬಳಿ ಹಾಸಿ ಅಕ್ಕನನ್ನು ಮಲಗಿಸಿದ್ದರು, ಮೇಲೆ ಎರಡು ಕೌದಿ. ಮುಖ ಅರಿಸಿನ ಹಚ್ಚಿದ ಹಾಗಿತ್ತು, ಕೈ ಒಣಗಿದ ಕಡ್ಡಿ. ಆದರೆ ಕೌದಿಯ ಕೆಳಗೆ ಹೊಟ್ಟೆ ಎದ್ದು ಕಾಣುತ್ತಿತ್ತು. ಅದನ್ನು ನೋಡಿದ್ದೇ ಅವ್ವನ ಮುಖ ಒಂದು ಗಳಿಗೆ ಅರಳಿತು. ಬೀಗತಿಗೆ ತಿಳಿದಿಲ್ಲ, ಹಕೀಮರಿಗೆ ತಿಳಿದಿಲ್ಲ, ನನ್ನದೇ ಸರಿ ಎನ್ನುವ ಹಾಗೆ. ಕೂತು, ಕೌದಿಯೊಳಗೆ ಕೈ ಹಾಕಿ ಹೊಟ್ಟೆ ಮುಟ್ಟಿದಳು. ಎಡಗಡೆ ಮಾತ್ರ ಉಬ್ಬಿತ್ತು, ಕಲ್ಲಿನಷ್ಟು ಗಟ್ಟಿ. ಹೆತ್ತವಳ ಕೈಗೆ ಯಾವುದು ಮಗು, ಯಾವುದು ಜಡ್ಡು ಎಂದು ಗೊತ್ತಾಗದೇ ಇರುತ್ತದೆಯೇ. ಕೈ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಅವಳಿಗೆ ಆಗಲಿಲ್ಲ.

ಅಕ್ಕ ಕಣ್ಣು ಬಿಟ್ಟಳು. "ಯವ್ವಾ, ಬಂದ್ಯಾ? ಕರಕೊಂಡು ಹೋಗಾಕ ಬಂದಿಯೇನು?"

"ಬಂದೀನವ್ವಾ."

"ಕಡ್ಡಿ ನೋಡಿದ್ರ ನೀ ಓಡಿ ಬರ್ತಿ ಅಂತ ಮಾಡಿದ್ದೆ. ಜಡ್ಡಾಗೀನಿ ಅಂತ ಬಾಯಿಲೆ ಹೇಳಿಕಳಿಸಿದ್ರ ಇವ್ರಿಗೆ ಕೆಟ್ಟ ಹೆಸರು. ಮಕ್ಕಳಾಗಲಿಲ್ಲ, ಮ್ಯಾಲೆ ಜಡ್ಡಿನಾಕಿ ಅಂತ ನನಗೂ ಹೆಸರು. ಅದಕ್ಕ ಕಡ್ಡಿ ಕಳಿಸಿದೆ. ನೀ ಬರಲಿಲ್ಲ. ಇನ್ನೊಮ್ಮೆ ಕಳಿಸಿದೆ."

"ಐದು ತುಂಬಲಿ ಅಂತ ಕಾದೆ ನನ್ನವ್ವಾ" ಎಂದಳು ಅವ್ವ. ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅವ್ವ ಹಿಂದಿನಿಂದ ಮುಂದಿನತನಕ ಹೇಳಿದಳು. ಕೇಳಿ ಅಕ್ಕ ತನ್ನ ಹೊಟ್ಟೆಯ ಮೇಲಿದ್ದ ಅವ್ವನ ಕೈ ಹಿಡಿದುಕೊಂಡಳು. ಆಮೇಲೆ, "ಹೋಗಲಿ ಬಿಡು, ಬಂದಿಯಲ್ಲ" ಎಂದಳು. ಸಮಾಧಾನ ಹೇಳಿದ್ದು ಮಗಳು, ಹೇಳಿಸಿಕೊಂಡದ್ದು ತಾಯಿ.

ಅವಳ ತಲೆದೆಸೆಯ ಗೂಡಿನಲ್ಲಿ ಇನ್ನೂ ಒಂದಷ್ಟು ಕಡ್ಡಿ ಇದ್ದವು. ಮಲಗಿದಲ್ಲೇ ಹೆರೆದವು. ಕೆಲವು ಪೂರ್ತಿ ಹೆರೆದಿರಲಿಲ್ಲ, ಕೆಲವಕ್ಕೆ ಉಂಗುರ ಮಾತ್ರ ಗುರುತು ಹಾಕಿ ಬಿಟ್ಟಿದ್ದಳು. ಬಳೆಯ ಚೂರು ಪಕ್ಕದಲ್ಲೇ ಇತ್ತು. ಖಾಲಾ ಮತ್ತೆ ಬಂದರೆ ಕಳಿಸಬೇಕು ಎಂದು ಇಟ್ಟಿದ್ದಳೋ, ಅವ್ವ ಬಂದರೆ ಒಲೆಯ ಮುಂದೆ ಕೂರುವುದಕ್ಕೆ ಇಟ್ಟಿದ್ದಳೋ, ನಾನು ಕೇಳಲಿಲ್ಲ.

ಬುಟ್ಟಿಯ ವಾಸನೆ ಅಕ್ಕನಿಗೆ ತಿಳಿಯಿತು. "ತಗೀರಿ, ನೋಡೂಣು" ಎಂದಳು. ಅವ್ವ ಒಂದು ಕಡ್ಡಿಕಡಬು ತೆಗೆದು ಕೈಗೆ ಕೊಟ್ಟಳು. ಅಕ್ಕ ಉಂಗುರವಿದ್ದ ತುದಿ ಹಿಡಿದು ಕಚ್ಚಿದಳು. ಎರಡು ಸಲ ಕರಿದದ್ದು, ಎರಡು ದಿನದ ಹಾದಿ ಬಂದದ್ದು, ಬಿರುಸಾಗಿತ್ತು. ಹಲ್ಲು ಇಳಿಯಲಿಲ್ಲ. ಇನ್ನೊಂದು ಕಡೆಯಿಂದ ಪ್ರಯತ್ನ ಮಾಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಇವತ್ತು ನೀ ಹೊರಗಿಂದು ತಿನ್ನು ಬೇ. ಒಳಗಿಂದು ನನಗ ಕೊಡು."

ನಾನು ತಿಂದೆ. ಸುತ್ತಲಿನ ಮೆಕ್ಕೆಜೋಳದ ಚಕ್ಕೆಯನ್ನೆಲ್ಲ ಹಲ್ಲಿನಿಂದ ಬಿಡಿಸಿ, ಒಳಗಿನ ಮೆತ್ತನೆಯದನ್ನು ಕಡ್ಡಿ ಸಮೇತ ಅವಳ ಕೈಗೆ ಕೊಟ್ಟೆ. ಎಂಜಲು ಎಂದು ಅವ್ವ ಬೈಯಲಿಲ್ಲ. ಅಕ್ಕ ಚೂರು ಚೂರೇ ಬಾಯಿಗೆ ಹಾಕಿಕೊಂಡು, ಸಬ್ಬಸಿಗೆ ಹೆಚ್ಚಾಗಿದೆ ಎಂದಳು. ಅರ್ಧ ತಿಂದಳು. ಆ ಚಕ್ಕೆ ಅಷ್ಟು ರುಚಿ ಎಂದು ನನಗೆ ಅವತ್ತೇ ಗೊತ್ತಾದದ್ದು, ಅಲ್ಲಿಯವರೆಗೆ ಅವಳೊಬ್ಬಳೇ ತಿಂದಿದ್ದಳು.

ಮರುದಿನ ಅಕ್ಕನ ಗಂಡ ಊರಿಗೆ ಬಂದರು. ಅವರೇ ಮೋಟಾರಿನಲ್ಲಿ ಜಾಗ ಮಾಡಿಸಿ ರಾಯಚೂರಿನ ದವಾಖಾನೆಗೆ ಕರೆದೊಯ್ದರು. ಆಗ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯ ಮೇಲೆ ಓಡುವ ಮೋಟಾರು, ಏರು ಬಂದಲ್ಲಿ ಇಳಿದು ನೂಕಬೇಕು. ಅಕ್ಕನ ತಲೆ ಅವ್ವನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಮಾನ್ವಿಗೆ ಹೋಗುತ್ತಿದ್ದೇವೆ ಎಂದು ಅವಳು ತಿಳಿದಿದ್ದಳು. "ಗಾಣದ ಸಪ್ಪಳ ಇನ್ನೂ ಕೇಳವಲ್ದು" ಎಂದು ಮತ್ತೆ ಮತ್ತೆ ಹೇಳಿದಳು. ಹತ್ತಿರ ಬಂತು, ಹತ್ತಿರ ಬಂತು ಎಂದು ಅವ್ವ ಹೇಳುತ್ತಲೇ ಇದ್ದಳು. ದವಾಖಾನೆಯ ಡಾಕ್ಟರು ಮರುಗುವ ಮನುಷ್ಯ. ಮೈಯಲ್ಲಿ ರಕ್ತವೇ ಉಳಿದಿಲ್ಲ, ಮೊದಲ ಜ್ವರದಲ್ಲೇ ತಂದಿದ್ದರೆ ನೋಡಬಹುದಿತ್ತು ಎಂದರು. ಕ್ವಿನೈನ್ ಗುಳಿಗೆ ಯುದ್ಧದ ದೆಸೆಯಿಂದ ಸಿಗುವುದೇ ಕಷ್ಟ, ಆದರೂ ಎಲ್ಲಿಂದಲೋ ತಂದು ಕೊಟ್ಟರು. ಕೆಲವು ದಿನ ಹಾಗೂ ಹೀಗೂ ಕಳೆದವು. ಒಂದು ಬೆಳಿಗ್ಗೆ ಅವ್ವ ಅವಳ ತಲೆ ಬಾಚುತ್ತಿದ್ದಾಗಲೇ ಜೀವ ಹೋಯಿತು. ಜಡೆ ಅರ್ಧವಾಗಿತ್ತು, ಅವ್ವ ಅದನ್ನು ಪೂರ್ತಿ ಹೆಣೆದು ತುದಿಗೆ ದಾರ ಕಟ್ಟಿದ ಮೇಲೆಯೇ ಅತ್ತಳು.

ಮುತ್ತೈದೆ ಸತ್ತರೆ ಗಂಡನ ಮನೆಯ ಮಣ್ಣಿಗೇ ಹೋಗಬೇಕು. ಅಕ್ಕನನ್ನು ದೇವದುರ್ಗಕ್ಕೇ ತಿರುಗಿ ಒಯ್ದೆವು. ಅಪ್ಪ ನೇರವಾಗಿ ಅಲ್ಲಿಗೇ ಬಂದ, ಬಂದವನು ಅವ್ವನ ಕಡೆ ನೋಡಲಿಲ್ಲ. ಕಟ್ಟೆಯ ಮೇಲೆ ಇಟ್ಟಿದ್ದ ತಟ್ಟೆಯನ್ನು ಅಕ್ಕನ ಅತ್ತೆ ಒಳಗೆ ತೆಗೆದಿರಿಸಿದ್ದರು. ಹಸಿರು ಬಳೆಗಳನ್ನು ಅವ್ವನೇ ಇಟ್ಟಳು, ಖಾಲಾ ಹೇಳಿದ ಅಳತೆಗಿಂತಲೂ ಕೈ ಸಣ್ಣದಾಗಿತ್ತು. ಹೊಲಿಸದ ಹಸಿರು ಖಣವನ್ನು ಎದೆಯ ಮೇಲೆ ಹೊದಿಸಿದಳು. ತಂದ ಕುಬಸ ಕೊನೆಗೂ ಮುಟ್ಟಿಸಿದೆ ಎಂದಳು, ಯಾರಿಗೆ ಹೇಳಿದಳೋ. ಸುತ್ತ ನಿಂತ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ಮಾನ್ವಿಯ ಗಾಣದ ಸಪ್ಪಳ ಅಕ್ಕ ಮತ್ತೆ ಕೇಳಲೇ ಇಲ್ಲ.

ಮನೆಯಲ್ಲಿ ಆಮೇಲೆ ಕಡ್ಡಿಕಡಬು ಆಗಲಿಲ್ಲ. ಬಾವಿಯ ಬದುವಿನಲ್ಲಿ ಅಪ್ಪ ಮೆಕ್ಕೆಜೋಳ ಹಾಕುವುದನ್ನೂ ಬಿಟ್ಟ. ತೊಗರಿ ಕಟ್ಟಿಗೆ ಹಿತ್ತಲಿಗೆ ಬಂದು ಬೀಳುತ್ತಿತ್ತು, ಅವ್ವ ಅದನ್ನು ನೋಡದೆಯೇ ಒಲೆಗೆ ಮುರಿದು ಹಾಕುತ್ತಿದ್ದಳು. ಮಗಳನ್ನು ಕೊಂದವಳು ನಾನೇ ಎಂದು ಅವಳು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸೋಮವಾರದ ಉಪವಾಸ ನಿಂತಿತು. ಯಾವ ಮನೆಯ ಕುಬಸಕ್ಕೂ ಹೋಗಲಿಲ್ಲ. ಕರೆಯಲು ಬಂದವರಿಗೆ ಗಾಣದ ಕೆಲಸ ಇದೆ ಎನ್ನುತ್ತಿದ್ದಳು. ಸ್ವಲ್ಪ ದಿನ ಬಿಟ್ಟು ಜನ ಕರೆಯುವುದನ್ನೂ ಬಿಟ್ಟರು. ಖಾಲಾ ಬಂದರೆ ಇಬ್ಬರೂ ಗಾಣದ ಕಟ್ಟೆಯ ಮೇಲೆ ಎಲೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಬಳೆಯ ಮಾತೂ ಇಲ್ಲ, ಊರಿನ ಮಾತೂ ಇಲ್ಲ.

ನಿಜಾಮರ ಸರ್ಕಾರ ಹೋದ ಮೇಲೆ ನನ್ನನ್ನು ರಾಯಚೂರಿಗೆ ಕೊಟ್ಟರು. ಕೋಟೆಯ ಒಳಗಡೆಯ ಓಣಿ, ಧಾನ್ಯದ ಅಂಗಡಿಯ ಮನೆ. ನಮ್ಮತ್ತೆ ಕಟ್ಟುನಿಟ್ಟಿನವರು, ಒಳಗೆ ಮೆದು. ಮದುವೆಯಾದ ಮರುವರ್ಷ, ಮಾನ್ವಿಯಿಂದ ಎಣ್ಣೆ ಡಬ್ಬಿ ಹೇರಿಕೊಂಡು ಬರುವ ಗಾಡಿಯವನ ಕೈಯಲ್ಲಿ ಅವ್ವನಿಗೆ ಒಂದು ಮಾತು ಹೇಳಿಕಳಿಸಿದೆ. ಇಲ್ಲಿಯ ಸಾಣಿಗೆಯಲ್ಲಿ ಹಿಟ್ಟು ಸಣ್ಣಗೆ ಇಳಿಯುವುದಿಲ್ಲ, ನಮ್ಮ ಮನೆಯಲ್ಲಿರುವಂಥ ಸಣ್ಣ ಕಣ್ಣಿನ ಸಾಣಿಗೆ ಇದ್ದರೆ ಯಾವಾಗಲಾದರೂ ಕಳಿಸು ಎಂದು. ಅಷ್ಟೇ. ಅದರಲ್ಲಿ ಬೇರೆ ಅರ್ಥವಿರಲಿಲ್ಲ. ನನಗೆ ಆಗ ಎರಡು ತಿಂಗಳು ಎಂದು ನಮ್ಮತ್ತೆಗೆ ಮಾತ್ರ ಗೊತ್ತಿತ್ತು, ತವರಿಗೆ ಇನ್ನೂ ಹೇಳಿರಲಿಲ್ಲ.

ಗಾಡಿಯವನು ಮಾನ್ವಿ ಮುಟ್ಟಿದ ಮರುದಿನವೇ, ನಾನು ಅಂಗಳ ಸಾರಿಸುತ್ತಿದ್ದಾಗ, ಬೆಳಗಿನ ಬಸ್ಸಿಗೆ ಬಂದ ಅವ್ವ ಓಣಿಯ ತಿರುವಿನಲ್ಲಿ ಕಾಣಿಸಿದಳು. ನಡೆಯುತ್ತಿರಲಿಲ್ಲ, ಓಡುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ತಲೆಯ ಸೆರಗು ಹೆಗಲಿಗೆ ಜಾರಿತ್ತು. ಬಂದವಳೇ ನನ್ನ ಹಣೆ ಮುಟ್ಟಿದಳು, ಕುತ್ತಿಗೆ ಮುಟ್ಟಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಬಳೆ ಸಡಿಲಾಗಿದೆಯೇ ಎಂದು ಮುಂಗೈ ತಿರುಗಿಸಿದಳು. ಆಮೇಲೆ ಅಲ್ಲೇ ಸಗಣಿ ಸಾರಿಸಿದ ಹಸಿ ನೆಲದ ಮೇಲೆ ಕೂತುಬಿಟ್ಟಳು.

"ಏನಾಗ್ಯದ ನಿನಗ? ಹೇಳು, ಮುಚ್ಚಬ್ಯಾಡ."

"ಏನೂ ಆಗಿಲ್ಲ ಯವ್ವಾ. ಸಾಣಿಗಿ ಕೇಳಿದ್ದೆ, ಅಷ್ಟ. ತಂದೀಯೇನು?"

"ತಂದಿಲ್ಲ. ಹುಡುಕಿಕೋತ ಕುಂತ್ರ ಬಸ್ ತಪ್ಪತಿತ್ತು."

ಮಾತು ಕೇಳಿ ನಮ್ಮತ್ತೆ ಹೊರಗೆ ಬಂದರು. ಬೀಗತಿಯನ್ನು ನೋಡಿದರು, ಬರಿದಾದ ಅವಳ ಎರಡೂ ಕೈ ನೋಡಿದರು. ಹೂವಿಲ್ಲ, ಎಲೆ ಅಡಿಕೆ ಇಲ್ಲ, ಒಂದು ಕೊಬ್ಬರಿ ಬಟ್ಟಲೂ ಇಲ್ಲ. ಬಸುರಿಯ ಮನೆಗೆ ತಾಯಿ ಹೀಗೆ ಬರಬಾರದು ಎನ್ನುವುದು ಅವರಿಗೂ ಗೊತ್ತಿದ್ದ ಕಟ್ಟು. "ನಿಮ್ಮ ಮಗಳಿಗೆ ಎರಡು ತಿಂಗಳಾಗ್ಯದ್ರಿ ಬೀಗತಿ" ಎಂದರು ಮೆಲ್ಲಗೆ. "ಹಿಂಗ ಬರಿಗೈಲೆ ಬಂದೀರಲ್ಲ."

ಅವ್ವ ನನ್ನ ಮುಖ ನೋಡಿದಳು, ನನ್ನ ಹೊಟ್ಟೆ ನೋಡಿದಳು. ನೆಲದಿಂದ ಏಳಲಿಲ್ಲ, ಸೆರಗು ಸರಿಮಾಡಿಕೊಳ್ಳಲಿಲ್ಲ.

"ಕೈತುಂಬ ತಗೊಂಡು ಒಂದ್ಸಲ ಹೋಗಿದ್ದೆ ಬೀಗತಿ" ಎಂದಳು. "ಇನ್ನೊಮ್ಮೆ ಹಂಗ ಹೋಗಾಂಗಿಲ್ಲ."

ಅವಳ ಸೀರೆಗೆ ಸಗಣಿ ಹತ್ತಿತ್ತು. ನಮ್ಮತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿ, ಕಾಲಿಗೆ ನೀರು ಕೊಟ್ಟು ಒಳಗೆ ಕರೆದುಕೊಂಡು ಹೋದರು.